ಹೆಸರಿಲ್ಲದ ಕಣಜ, ಹೆಸರಿಗಷ್ಟೇ ಅಹಿಂಸೆ

ಭಾರತೀಯ ದರ್ಶನಗ್ರಂಥಗಳಲ್ಲಿಯೂ ಭಕ್ತಿಸಾಹಿತ್ಯದಲ್ಲಿಯೂ ಬಹುಕಾಲದಿಂದ ಬಳಕೆಯಲ್ಲಿರುವ ದೃಷ್ಟಾಂತಗಳಲ್ಲಿ ಕೀಟ-ಭ್ರಮರ ನ್ಯಾಯವೂ ಒಂದು. ಭ್ರಮರವು ಹುಳುವೊಂದನ್ನು ಹಿಡಿದು ತಂದು ಮಣ್ಣಿನ ಗೂಡಿನಲ್ಲಿ ಇರಿಸಿ ಅದರ ಸುತ್ತ ಝೇಂಕರಿಸುತ್ತದೆ. ಭಯದಿಂದ ಹಗಲಿರುಳೂ ಭ್ರಮರವನ್ನೇ ಚಿಂತಿಸಿದ ಹುಳು ಕಡೆಗೆ ತಾನೇ ಭ್ರಮರವಾಗಿ ಹಾರಿಹೋಗುತ್ತದೆ ಎಂಬುದು ಅದರ ಸಾರ. ದೃಷ್ಟಾಂತವಾಗಿ ಇದು ಮನೋಹರವಾದುದು. ಆದರೆ ಗೂಡಿನೊಳಗೆ ನಡೆಯುವುದು ಬೇರೆಯೇ. ಗೂಡು ಕಟ್ಟಿದ ಕಣಜವು ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ ತಂದಿರುತ್ತದೆ. ಅದರೊಂದಿಗೆ ತನ್ನ ಮೊಟ್ಟೆಯನ್ನೂ ಇಟ್ಟಿರುತ್ತದೆ. ಮೊಟ್ಟೆಯೊಡೆದು ಬಂದ ಮರಿಯು ಆ ಹುಳುವನ್ನು ತಿಂದು ಬೆಳೆದು ರೆಕ್ಕೆ ಮೂಡಿಸಿಕೊಂಡು ಹೊರಬರುತ್ತದೆ. ಒಳಗೆ ಹೋದ ಜೀವ ಒಂದು, ಹೊರಗೆ ಬಂದ ಜೀವ ಇನ್ನೊಂದು. ಗೂಡನ್ನು ಒಡೆದು ನೋಡದೆ ಇದ್ದುದರಿಂದ ಒಂದು ಮರಣವು ಶತಮಾನಗಳ ಕಾಲ ಒಂದು ಮೋಕ್ಷದಂತೆ ಕಾಣಿಸಿತು.

ಸೂಕ್ಷ್ಮ ಜೀವಗಳ ವಿಷಯದಲ್ಲಿ ಕಣ್ಣು ಮುಚ್ಚಿಕೊಂಡವನಿಗೆ ಇಂತಹ ಸಮಾಧಾನಗಳು ಸುಲಭವಾಗಿ ದೊರೆಯುತ್ತವೆ. ಇಂದಿನ ಜೈನ ಸಮಾಜದಲ್ಲಿಯೂ ಅಂತಹುದೊಂದು ಸಮಾಧಾನ ನೆಲೆಯೂರಿದೆ. ಕೀಟಗಳನ್ನು ಹಿಡಿದು, ಕೊಂದು, ಸೂಜಿಗೆ ಚುಚ್ಚಿ ಹೆಸರಿಡುವ ವಿದ್ಯೆಯು ಪಾಪದ ವಿದ್ಯೆ. ಶ್ರಾವಕನು ಅದರ ಕಡೆಗೆ ತಿರುಗಿಯೂ ನೋಡಬಾರದು. ನೋಡದೆ ಇದ್ದರೆ ಆತನ ಅಹಿಂಸಾವ್ರತಕ್ಕೆ ಭಂಗವಿಲ್ಲ ಎಂಬುದೇ ಆ ಸಮಾಧಾನ. ಇದರ ಮೊದಲರ್ಧದಲ್ಲಿ ಸತ್ಯವಿದೆ. ಉತ್ತರಾರ್ಧವು ಆತ್ಮವಂಚನೆ.

ನಾಮಕರಣದ ಬೆಲೆ

ಹೊಸ ಪರೋಪಜೀವಿ ಕಣಜವೊಂದನ್ನು ವಿವರಿಸುವುದೆಂದರೆ ಏನು ಎಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಪರೋಪಜೀವಿ ಕಣಜವೆಂದರೆ ಬೇರೊಂದು ಕೀಟದ ದೇಹದ ಮೇಲೆಯೋ ಒಳಗೆಯೋ, ಅಥವಾ ಅದರ ಮೊಟ್ಟೆಯೊಳಗೆಯೋ ತನ್ನ ಮೊಟ್ಟೆಯನ್ನಿಟ್ಟು, ಆಶ್ರಯವಿತ್ತ ಜೀವದ ಮರಣದಿಂದಲೇ ತನ್ನ ಸಂತಾನವನ್ನು ಬೆಳೆಸುವ ಕಣಜ. ಇಂತಹ ಅನೇಕ ಕಣಜಗಳ ಉದ್ದ ಒಂದು ಮಿಲಿಮೀಟರಿನ ಆಸುಪಾಸು. ಬರಿಗಣ್ಣಿಗೆ ಹಾರುವ ಧೂಳಿನ ಕಣದಂತೆ ತೋರುತ್ತವೆ. ಅವುಗಳನ್ನು ಬಲೆಯಿಂದ, ಹಳದಿ ತಟ್ಟೆಯ ನೀರಿನಿಂದ, ಗುಡಾರದಂತಹ ಬಲೆಗಳಿಂದ ಸಂಗ್ರಹಿಸುತ್ತಾರೆ. ಅಥವಾ ಕೀಟದ ಮೊಟ್ಟೆಗಳಿರುವ ಚಿಗುರನ್ನು ತಂದು ಗಾಜಿನ ನಳಿಗೆಯಲ್ಲಿಟ್ಟು, ಅದರಿಂದ ಹೊರಬರುವುದು ಕೀಟದ ಮರಿಯೋ ಕಣಜವೋ ಎಂದು ಕಾಯುತ್ತಾರೆ. ಬಂದ ಕಣಜವು ಮದ್ಯಸಾರದಲ್ಲಿ ಪ್ರಾಣ ಬಿಡುತ್ತದೆ. ಬಳಿಕ ಅದರ ಕುಡಿಮೀಸೆಯ ಗೆಣ್ಣುಗಳು, ರೆಕ್ಕೆಯ ನರಗಳು, ಅಂಚಿನ ರೋಮಗಳು, ಮೈಮೇಲಿನ ರೇಖೆಗಳು ಸೂಕ್ಷ್ಮದರ್ಶಕದಡಿಯಲ್ಲಿ ಒಂದೊಂದಾಗಿ ಅಳೆಯಲ್ಪಡುತ್ತವೆ. ಟ್ರೈಕೋಗ್ರಾಮ ಎಂಬ ಕುಲದ ಕಣಜಗಳನ್ನು ಗುರುತಿಸಲು ಗಂಡಿನ ಜನನಾಂಗದ ರಚನೆಯೇ ಮುಖ್ಯ ಆಧಾರವೆಂದು 1971ರಲ್ಲಿ ತೋರಿಸಿಕೊಟ್ಟವರು ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ.

ಈ ಎಲ್ಲ ಲಕ್ಷಣಗಳು ಹಿಂದೆ ವಿವರಿಸಲಾದ ಯಾವ ಪ್ರಭೇದದೊಂದಿಗೂ ಹೊಂದದಿದ್ದಾಗ ಹೊಸ ಹೆಸರು ಹುಟ್ಟುತ್ತದೆ. ಆ ಹೆಸರನ್ನು ಹೊರಲು ಒಂದು ದೇಹವನ್ನು ಆರಿಸಲಾಗುತ್ತದೆ. ಅದಕ್ಕೆ ಹೋಲೋಟೈಪ್ ಎಂದು ಹೆಸರು. 2000ದಿಂದ ಜಾರಿಯಲ್ಲಿರುವ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಸಂಹಿತೆಯಂತೆ ಹೊಸ ಪ್ರಭೇದಕ್ಕೆ ಹೆಸರಿಡುವವನು ಹೆಸರಿಗೆ ಆಧಾರವಾದ ಮಾದರಿಯನ್ನು ಸ್ಪಷ್ಟವಾಗಿ ಸೂಚಿಸಿ, ಅದು ಯಾವ ಸಂಗ್ರಹದಲ್ಲಿರುತ್ತದೆ ಎಂಬುದನ್ನು ತಿಳಿಸಬೇಕು. ಮುಂದೆ ಸಂಶಯ ಬಂದವರೆಲ್ಲ ಆ ಒಂದು ಸತ್ತ ದೇಹದ ಮುಂದೆ ಬಂದು ನಿಲ್ಲಬೇಕಾಗುತ್ತದೆ.

ಇದು ಹಿಂಸೆಯೇ? ನಿಸ್ಸಂದೇಹವಾಗಿ ಹಿಂಸೆ. ತತ್ತ್ವಾರ್ಥಸೂತ್ರವು ಹುಳುವಿನಿಂದ ಮೊದಲ್ಗೊಂಡು ಇರುವೆ, ದುಂಬಿ, ಮನುಷ್ಯರವರೆಗೆ ಇಂದ್ರಿಯಗಳು ಒಂದೊಂದಾಗಿ ಹೆಚ್ಚುವುದನ್ನು ಹೇಳುತ್ತದೆ. ಆ ಕ್ರಮದಲ್ಲಿ ಕಣಜವು ದುಂಬಿಯ ಪಂಕ್ತಿಗೆ ಸೇರಿದ ಚತುರಿಂದ್ರಿಯ ಜೀವ, ತ್ರಸಜೀವ. ಅದನ್ನು ತಿಳಿದು ತಿಳಿದೇ ಕೊಲ್ಲುವುದು ಸಂಕಲ್ಪೀ ಹಿಂಸೆ. ಅಣುವ್ರತಿಯಾದ ಶ್ರಾವಕನು ಆ ಕಾರ್ಯವನ್ನು ಕೈಯಾರೆ ಮಾಡಲಾರ. ವಿಜ್ಞಾನದ ಹೆಸರು ಹೇಳಿ ಈ ಮಾತನ್ನು ಮೃದುಗೊಳಿಸಬೇಕಾದ ಅಗತ್ಯವಿಲ್ಲ. ಆದರೆ ವಿಚಾರ ಇಲ್ಲಿಗೆ ಮುಗಿಯಿತೆಂದು ತಿಳಿಯುವವರು ಗೇರುತೋಟದ ಕಥೆಯನ್ನು ಕೇಳಬೇಕು.

ಗೇರುತೋಟದ ಸಾಕ್ಷ್ಯ

ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲೂಕು ಜೈನರಿಗೆ ಅಪರಿಚಿತವಾದ ನಾಡಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲನು ಪ್ರತಿಷ್ಠಾಪಿಸಿದ ವೇಣೂರಿನ ಗೊಮ್ಮಟನು ನಿಂತಿರುವುದು ಅಲ್ಲಿಯೇ. ಅದೇ ತಾಲೂಕಿನ ಕೊಕ್ಕಡ, ನಿಡ್ಲೆ, ಪಟ್ರಮೆ ಗ್ರಾಮಗಳ ಗೇರುತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದಕ್ಕೆ ಗುರಿಯಾಗಿದ್ದುದು ಟೀ ಸೊಳ್ಳೆಯೆಂದು ಕರೆಯಲಾಗುವ ಒಂದು ತಿಗಣೆ. ಗೇರಿನ ಚಿಗುರಿನ, ಹೂಗೊಂಚಲಿನ ರಸ ಹೀರಿ ಅವುಗಳನ್ನು ಕರಕಲಾಗಿಸುವ ಕೀಟ. ಆ ಒಂದು ಕೀಟಕ್ಕಾಗಿ ಸುರಿದ ವಿಷವು ತೋಟದ ಸಕಲ ಜೀವಗಳ ಮೇಲೆ, ಬಾವಿ ತೋಡುಗಳ ಮೇಲೆ, ಮನೆಯಂಗಳದ ಮೇಲೆ ಬಿದ್ದಿತು. ಅಲ್ಲಿ ಅಂಗವೈಕಲ್ಯದಿಂದ ನರಳುತ್ತಿರುವ ಮಕ್ಕಳ, ಅವರನ್ನು ಹೊತ್ತು ಸಾಕುತ್ತಿರುವ ತಾಯಂದಿರ ಸಂಕಟವು ನಾಡಿಗೆಲ್ಲ ತಿಳಿದಿದೆ. ಸರ್ವೋಚ್ಚ ನ್ಯಾಯಾಲಯವು 2011ರ ಮೇ ತಿಂಗಳಿನಲ್ಲಿ ಆ ವಿಷವನ್ನು ದೇಶದಾದ್ಯಂತ ತಡೆಹಿಡಿಯಿತು.

ಇದಾದ ಎರಡು ವರ್ಷಗಳಿಗೆ, 2013ರಲ್ಲಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಇಲಾಖೆಯ ಕೆ. ರಾಜಮೋಹನಾ ಅವರೂ ಪುತ್ತೂರಿನ ಗೇರು ಸಂಶೋಧಕರೂ ಸೇರಿ ಒಂದು ಹೊಸ ಕಣಜವನ್ನು ವಿವರಿಸಿದರು. ಅದರ ಹೆಸರು ಟೆಲಿನೋಮಸ್ ಕಸ್ಪಿಸ್. ಲ್ಯಾಟಿನ್ನಿನಲ್ಲಿ ಕಸ್ಪಿಸ್ ಎಂದರೆ ಮೊನೆ. ಅದು ಬದುಕುವುದು ಆ ಟೀ ಸೊಳ್ಳೆಯ ಮೊಟ್ಟೆಗಳಲ್ಲಿ. ತಿಗಣೆಯು ಗೇರಿನ ಎಳೆಯ ಅಂಗಾಂಶದೊಳಗೆ ಮೊಟ್ಟೆಯನ್ನು ಹುದುಗಿಸಿಡುತ್ತದೆ. ಹೊರಗೆ ಕಾಣಿಸುವುದು ಎರಡು ಕೂದಲೆಳೆಯಂತಹ ತಂತುಗಳು ಮಾತ್ರ. ಮನುಷ್ಯನ ಕಣ್ಣಿಗೆ ಬೀಳದ ಆ ಮೊಟ್ಟೆಯನ್ನು ಕಣಜವು ಹುಡುಕಿ, ಅದರೊಳಗೆ ತನ್ನ ಮೊಟ್ಟೆಯನ್ನಿಡುತ್ತದೆ. ತಿಗಣೆ ಹುಟ್ಟಬೇಕಾದ ಕಡೆಯಿಂದ ಕಣಜವು ಹುಟ್ಟುತ್ತದೆ.

ಈ ಎರಡು ವರ್ಷಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ವಿಷ ನಿಷಿದ್ಧವಾದುದು 2011ರಲ್ಲಿ; ಅದೇ ತಿಗಣೆಯ ಮೊಟ್ಟೆಯಲ್ಲಿ ಬದುಕುವ ಜೀವಕ್ಕೆ ಹೆಸರು ದೊರೆತುದು 2013ರಲ್ಲಿ. ಈ ಕಣಜವೊಂದೇ ಗೇರುಬೆಳೆಯನ್ನು ಕಾಪಾಡುತ್ತಿತ್ತೆಂದು ಯಾರೂ ವಾದಿಸಬೇಕಾಗಿಲ್ಲ. ಪ್ರಶ್ನೆಯಿರುವುದು ಬೇರೆಡೆ. ಹೆಲಿಕಾಪ್ಟರ್ ಮೇಲೆ ಹಾರುತ್ತಿದ್ದಾಗ ಕೆಳಗೆ ಯಾವ ಯಾವ ಜೀವಗಳಿವೆ, ಅವುಗಳಲ್ಲಿ ಯಾವುದು ಯಾವುದಕ್ಕೆ ಆಹಾರ, ಯಾವುದು ಯಾವುದಕ್ಕೆ ತಡೆ ಎಂಬ ಪಟ್ಟಿ ಸಿಂಪಡಿಸಿದವರ ಕೈಯಲ್ಲಿ ಇರಲಿಲ್ಲ. ತಿಳಿಯದೆ ಸುರಿದರು. ತಿಳಿಯದೆ ಸುರಿದುದರಿಂದ ಪಾಪ ಕಡಿಮೆಯಾಯಿತೇ? ಹಿಂಸೆಯ ಲಕ್ಷಣವನ್ನು ಹೇಳುವಾಗ ಆಚಾರ್ಯರು ಪ್ರಾಣಹರಣವನ್ನಷ್ಟೇ ಹೇಳಿ ನಿಲ್ಲಿಸಲಿಲ್ಲ. ಪ್ರಮತ್ತಯೋಗವನ್ನು, ಎಂದರೆ ಎಚ್ಚರಗೇಡಿತನದ ಪ್ರವೃತ್ತಿಯನ್ನು ಅದರ ಮೂಲವಾಗಿ ಇರಿಸಿದರು. ತಿಳಿಯಲು ಸಾಧ್ಯವಿದ್ದೂ ತಿಳಿಯದಿರುವುದಕ್ಕಿಂತ ದೊಡ್ಡ ಪ್ರಮಾದ ಯಾವುದಿದೆ?

ನಾಮಕರಣವು ಮುಂಚೆಯೇ ಆಗಿದ್ದಲ್ಲಿ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. ಮೆಕ್ಸಿಕೊ ಮೂಲದ ಪಪ್ಪಾಯ ಹಿಟ್ಟು ತಿಗಣೆಯು 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು, ಪಪ್ಪಾಯ, ಹಿಪ್ಪುನೇರಳೆ, ಮರಗೆಣಸುಗಳನ್ನು ಹಾಳುಮಾಡುತ್ತ ಕರ್ನಾಟಕಕ್ಕೂ ಹಬ್ಬಿತು. ಮೈಮೇಲೆ ಮೇಣದ ಹಿಟ್ಟನ್ನು ಹೊದ್ದಿರುವ ಅದಕ್ಕೆ ವಿಷ ಸುಲಭವಾಗಿ ತಾಗುವುದಿಲ್ಲ; ಆದುದರಿಂದ ರೈತರು ಮತ್ತೆ ಮತ್ತೆ ಸಿಂಪಡಿಸಿದರು. ಆ ತಿಗಣೆಗೆ 1992ರಲ್ಲಿಯೇ ಹೆಸರಾಗಿತ್ತು. ಅದರೊಳಗೆ ಬೆಳೆಯುವ ಅಸಿರೋಫೇಗಸ್ ಪಪಾಯೆ ಎಂಬ ಪುಟ್ಟ ಕಣಜವನ್ನು ಲಂಡನ್ನಿನ ಜಾನ್ ನಾಯ್ಸ್ ಮತ್ತು ಅಮೆರಿಕದ ಮೈಕೆಲ್ ಶಾಫ್ 2003ರಲ್ಲಿ ವಿವರಿಸಿದ್ದರು. ಈ ಎರಡು ಹೆಸರುಗಳು ಪುಸ್ತಕದಲ್ಲಿದ್ದುದರಿಂದಲೇ, ಇಂದು ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯಲಾಗುವ ಬೆಂಗಳೂರಿನ ಸಂಸ್ಥೆಯು 2010ರಲ್ಲಿ ಪೋರ್ಟೊರಿಕೊದಿಂದ ಆ ಕಣಜವನ್ನೂ ಇನ್ನೆರಡು ಪ್ರಭೇದಗಳನ್ನೂ ತರಿಸಿ ತೋಟಗಳಲ್ಲಿ ಬಿಡಲು ಸಾಧ್ಯವಾಯಿತು. ಕೆಲವೇ ವರ್ಷಗಳಲ್ಲಿ ತಿಗಣೆಯ ಹಾವಳಿ ತಗ್ಗಿತು. ಅದಕ್ಕಾಗಿ ನಡೆಯುತ್ತಿದ್ದ ಸಿಂಪಡಣೆಯೂ ತಗ್ಗಿತು.

ಇಲ್ಲಿ ಇನ್ನೊಂದು ವಿಪರ್ಯಾಸವನ್ನೂ ಹೇಳಬೇಕು. ಈ ಕಣಜದಿಂದ ಉಳಿದುಕೊಂಡ ಹಿಪ್ಪುನೇರಳೆಯನ್ನು ತಿಂದ ರೇಷ್ಮೆಹುಳು ಗೂಡಿನೊಳಗೇ ಬಿಸಿಗೆ ಸಿಕ್ಕಿ ಸಾಯುತ್ತದೆ. ಆ ರೇಷ್ಮೆಯನ್ನು ಮಡಿಯೆಂದು ಉಟ್ಟು ಅಭಿಷೇಕಕ್ಕೆ ನಿಲ್ಲುವ ಮನೆಗಳು ಇನ್ನೂ ಇವೆ. ಕಣಜವನ್ನು ಕ್ರೂರಿಯೆನ್ನುವ ಬಾಯಿಗೆ ಈ ಉಡುಗೆಯ ನೆನಪು ಬರಬೇಡವೇ?

ಎರಡು ಕಡೆಯ ಸುಳ್ಳು

ಕಣಜದ ಜೀವನಕ್ರಮವು ಪಾಶ್ಚಾತ್ಯ ಚಿಂತಕರನ್ನು ಬಹಳ ಕಾಡಿದೆ. ಚಾರ್ಲ್ಸ್ ಡಾರ್ವಿನ್ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ, ದಯಾಮಯನಾದ ದೇವರು ಇಂತಹ ಕಣಜವನ್ನು ಬೇಕೆಂದೇ ಸೃಷ್ಟಿಸಿದನೆಂದು ನಂಬಲು ತನಗೆ ಸಾಧ್ಯವಾಗುತ್ತಿಲ್ಲವೆಂದು ತೋಡಿಕೊಂಡಿದ್ದ. ಜೈನದರ್ಶನಕ್ಕೆ ಈ ತೊಡಕಿಲ್ಲ. ಲೋಕವು ಅನಾದಿ, ಅದಕ್ಕೆ ಕರ್ತನಿಲ್ಲ, ಜೀವಗಳು ತಮ್ಮ ತಮ್ಮ ಕರ್ಮದಂತೆ ದೇಹ ಧರಿಸುತ್ತವೆ. ಕಣಜದ ಹೊಣೆಯನ್ನು ಹೊರಿಸಲು ಸೃಷ್ಟಿಕರ್ತನಿಲ್ಲದಿರುವುದರಿಂದ, ಉಳಿಯುವುದು ಮನುಷ್ಯನ ಹೊಣೆಯೊಂದೇ. ಮನಸ್ಸಿಲ್ಲದ ಜೀವವು ತನ್ನ ಪರ್ಯಾಯಕ್ಕೆ ತಕ್ಕಂತೆ ಬದುಕುತ್ತದೆ. ವಿವೇಕವುಳ್ಳವನು ಏನು ಮಾಡುತ್ತಿದ್ದಾನೆ?

ಒಂದು ಕಡೆಯವರು ಕಣಜವನ್ನು ಹೊಲಕ್ಕೆ ಬಿಡುವುದನ್ನೇ ಅಹಿಂಸಾತ್ಮಕ ಕೀಟನಿಯಂತ್ರಣವೆಂದು ಹೊಗಳುತ್ತಾರೆ. ಇದು ಸುಳ್ಳು. ಕಬ್ಬಿನ ಗದ್ದೆಗೆ ಕಟ್ಟುವ ಟ್ರೈಕೋಗ್ರಾಮ ಕಾರ್ಡಿನ ಮೇಲೆ ಸಾವಿರಾರು ಅಕ್ಕಿಪತಂಗದ ಮೊಟ್ಟೆಗಳನ್ನು ಅಂಟಿಸಿರುತ್ತಾರೆ. ಅವು ಒಡೆದು ಮರಿಯಾಗದಂತೆ ನೇರಳಾತೀತ ಕಿರಣದಿಂದ ಅವುಗಳ ಜೀವಾಂಶವನ್ನು ನಾಶಮಾಡಿ ಕಣಜಗಳಿಗೆ ಒಪ್ಪಿಸಿರುತ್ತಾರೆ. ಕಾರ್ಡನ್ನು ಕಟ್ಟುವವನು ತಾನು ಕೊಲ್ಲಲಿಲ್ಲ, ಕಣಜ ಕೊಂದಿತು ಎನ್ನಲಾರ. ಕೃತ, ಕಾರಿತ, ಅನುಮೋದನ ಎಂಬ ಮೂರು ಬಾಗಿಲುಗಳಲ್ಲಿ ಯಾವುದರಿಂದ ಒಳಗೆ ಬಂದರೂ ಹಿಂಸೆ ಹಿಂಸೆಯೇ. ಒಂದು ಜೀವವನ್ನು ಕೊಂದು ಹಲವನ್ನು ಉಳಿಸಿದೆನೆಂಬ ಲೆಕ್ಕವೂ ಇಲ್ಲಿ ನಡೆಯದು. ಹಿಂಸ್ರಜೀವಿಯೊಂದನ್ನು ಕೊಂದರೆ ಅನೇಕ ಜೀವಗಳ ರಕ್ಷಣೆಯಾಗುತ್ತದೆಂಬ ವಾದವನ್ನು ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಎತ್ತಿಕೊಂಡು ನಿರಾಕರಿಸಿದ್ದಾರೆ. ಜೈನನೀತಿಯು ತಕ್ಕಡಿಯ ನೀತಿಯಲ್ಲ.

ಹಾಗಾದರೆ ಕಣ್ಣು ಮುಚ್ಚಿಕೊಳ್ಳುವವರೇ ಸರಿಯೇ? ಅವರ ಸುಳ್ಳು ಇನ್ನೂ ದೊಡ್ಡದು. ಆಚಾರ್ಯರ ನಿರಾಕರಣೆಯು ಹಿಂಸೆಗೆ ಪುಣ್ಯದ ವೇಷ ತೊಡಿಸುವುದರ ವಿರುದ್ಧವಾದುದು. ಕೃಷಿಯಲ್ಲಿ ತೊಡಗಿದ ಗೃಹಸ್ಥನು ತನ್ನ ಉದ್ಯೋಗೀ ಹಿಂಸೆಯನ್ನು ಕಡಿಮೆ ಮಾಡಿಕೊಳ್ಳುವ ಯತ್ನಾಚಾರದ ವಿರುದ್ಧವಾದುದಲ್ಲ. ಕೃಷಿ ನಡೆಯುತ್ತಿದೆ; ಅನೇಕ ಬಸದಿಗಳ, ಮಠಗಳ, ಟ್ರಸ್ಟುಗಳ ಹೆಸರಿನಲ್ಲಿಯೇ ತೆಂಗು, ಅಡಿಕೆ, ಗೇರು, ಭತ್ತದ ಬೇಸಾಯ ನಡೆಯುತ್ತಿದೆ. ಫಸಲನ್ನು ಗುತ್ತಿಗೆಗೆ ಕೊಟ್ಟು, ಸಿಂಪಡಿಸುವವನು ಗುತ್ತಿಗೆದಾರ, ಟ್ರಸ್ಟಲ್ಲ ಎಂದು ಕೈತೊಳೆದುಕೊಳ್ಳುವುದು ಎಷ್ಟು ಕಡೆಗಳಲ್ಲಿ ರೂಢಿಯಾಗಿಲ್ಲ! ಕೀಟ ಬಂದಿದೆಯೋ ಇಲ್ಲವೋ ನೋಡದೆ, ಬಂದಿರುವುದು ಬೆಳೆ ತಿನ್ನುವ ಕೀಟವೋ ಅದನ್ನು ತಡೆಯುವ ಕೀಟವೋ ಅರಿಯದೆ, ತಿಂಗಳ ಲೆಕ್ಕದಲ್ಲಿ ಹೊಡೆಯುವ ವಿಷವು ಉದ್ಯೋಗೀ ಹಿಂಸೆಯ ಹೆಸರಿನಲ್ಲಿ ನಡೆಯುವ ಸಂಕಲ್ಪೀ ಹಿಂಸೆ. ಮಾತಿನಲ್ಲಿ ಅದಕ್ಕೆ ಔಷಧಿಯೆಂದು ಹೆಸರು. ಔಷಧದಾನವನ್ನು ಚತುರ್ವಿಧದಾನಗಳಲ್ಲಿ ಒಂದಾಗಿ ಎಣಿಸುವ ಸಮಾಜವು ವಿಷವನ್ನು ಔಷಧಿಯೆಂದು ಲೆಕ್ಕಪುಸ್ತಕದಲ್ಲಿ ಬರೆದುಕೊಳ್ಳುವುದು ಎಂತಹ ಅಣಕ!

ಒಂದು ಕಣಜದ ಹೋಲೋಟೈಪಿಗಾಗಿ ವಿದ್ವಾಂಸನು ಕೊಂದ ಬೆರಳೆಣಿಕೆಯ ಜೀವಗಳು ಕಣ್ಣಿಗೆ ಬೀಳುತ್ತವೆ, ಏಕೆಂದರೆ ಆತನು ಅವುಗಳನ್ನು ಎಣಿಸಿ, ಸ್ಥಳ ದಿನಾಂಕಗಳನ್ನು ಬರೆದು ಪ್ರಕಟಿಸುತ್ತಾನೆ. ಒಂದು ಮುಂಜಾನೆಯ ಸಿಂಪಡಣೆಯಲ್ಲಿ ಸತ್ತವುಗಳು ಕಣ್ಣಿಗೆ ಬೀಳುವುದಿಲ್ಲ, ಏಕೆಂದರೆ ಅವುಗಳನ್ನು ಯಾರೂ ಎಣಿಸಲಿಲ್ಲ. ಎಣಿಸಿದವನು ಪಾಪಿ, ಎಣಿಸದವನು ಅಹಿಂಸಕ ಎಂಬ ತೀರ್ಪು ಯಾವ ಶಾಸ್ತ್ರದ್ದು?

ಶಾಸ್ತ್ರವಂತೂ ಇದಕ್ಕೆ ವಿರುದ್ಧವಾದುದು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳೆಂದು ಪೂಜ್ಯರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಗೊಮ್ಮಟಸಾರದ ಒಂದು ಇಡೀ ಭಾಗವನ್ನು ಜೀವಗಳ ಭೇದ ಪ್ರಭೇದಗಳಿಗೆ ಮೀಸಲಿಟ್ಟರು. 84 ಲಕ್ಷ ಯೋನಿಗಳಲ್ಲಿ ಚತುರಿಂದ್ರಿಯಗಳಿಗೆ 2 ಲಕ್ಷವೆಂದು ಪರಂಪರೆಯು ಎಣಿಸಿತು. ಇದನ್ನು ಹಿಡಿದು ಇಂದಿನ ವಿಜ್ಞಾನವೆಲ್ಲ ಆಗಲೇ ಹೇಳಲಾಗಿತ್ತೆಂದು ಬೀಗುವುದು ಬಾಲಿಶ. ಗಮನಿಸಬೇಕಾದುದು ಇಷ್ಟೇ: ಯಾವ ಜೀವಕ್ಕೂ ನೋವಾಗಬಾರದೆಂದು ಬಯಸಿದವರು ಜೀವಗಳನ್ನು ವಿಂಗಡಿಸಿ ತಿಳಿಯುವುದನ್ನು ಧರ್ಮದ ಭಾಗವೆಂದೇ ಬಗೆದರು. ಸಮ್ಯಗ್‌ಜ್ಞಾನವನ್ನು ಬಿಟ್ಟು ಸಮ್ಯಕ್‌ಚಾರಿತ್ರಕ್ಕೆ ಹಾರುವ ದಾರಿಯನ್ನು ಅವರು ತೋರಿಸಲಿಲ್ಲ.

ಮಾಡಬೇಕಾದುದು

ಹಾಗೆಂದು ಕೀಟಶಾಸ್ತ್ರದ ವಿದ್ವಾಂಸರಿಗೆ ಜೈನ ಸಮಾಜವು ಹೇಳಬೇಕಾದ ಕಟುಮಾತೂ ಇದೆ. ವಾರಗಟ್ಟಲೆ ಕಟ್ಟಿಟ್ಟ ಬಲೆಗಳಲ್ಲಿ ಬೇಕಾದ ನಾಲ್ಕು ಕಣಜಗಳೊಡನೆ ಬೇಡವಾದ ಸಾವಿರಾರು ಜೀವಗಳೂ ಸಾಯುತ್ತವೆ. ಅನೇಕವು ಶೀಷೆಗಳಲ್ಲಿ ಹಾಗೆಯೇ ಉಳಿಯುತ್ತವೆ. ಒಂದು ಹೊಸ ಪ್ರಭೇದದ ಮಾದರಿಯನ್ನು ಸಂಗ್ರಹಿಸಿದಂದಿನಿಂದ ಅದಕ್ಕೆ ಹೆಸರು ಬರುವವರೆಗೆ ಸರಾಸರಿ 21 ವರ್ಷ ಹಿಡಿಯುತ್ತದೆಂದು 2012ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಲೆಕ್ಕಹಾಕಿದೆ. ಕೊಂದು 21 ವರ್ಷ ಕಪಾಟಿನಲ್ಲಿಡುವುದಕ್ಕೆ ಜ್ಞಾನದ ಸಮರ್ಥನೆಯೂ ಇಲ್ಲ. ಅಲ್ಲಿರುವುದು ಕೇವಲ ಹಿಂಸೆ. ಹೊಸ ಬಲೆ ಕಟ್ಟುವ ಮೊದಲು ಹಳೆಯ ಶೀಷೆಗಳನ್ನು ತೆರೆಯಬೇಕು. ಬೇಕಾದಷ್ಟೇ ಮಾದರಿ, ಬೇಕಾದಷ್ಟೇ ದಿನ ಎಂಬ ಮಿತಿಯಿರಬೇಕು. ದೇಹವನ್ನು ಕೆಡಿಸದೆಯೇ ವಂಶವಾಹಿಯ ಅಂಶವನ್ನು ತೆಗೆದು ಓದುವ ವಿಧಾನಗಳು ಈಗ ಇರುವುದರಿಂದ ಒಂದೇ ದೇಹದಿಂದ ಹೆಚ್ಚು ತಿಳಿಯಬೇಕು. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳುವುದನ್ನು ಕಲಿಸಿದ ಧರ್ಮಕ್ಕೆ ಇದನ್ನು ಹೇಳುವ ಅಧಿಕಾರವಿದೆ. ಆದರೆ ಹೊರಗೆ ನಿಂತು ಶಪಿಸುವವನ ಮಾತನ್ನು ಯಾರು ಕೇಳುತ್ತಾರೆ? ನೆರವಿಗೆ ನಿಂತವನ ಮಾತಿಗೆ ಮಾತ್ರ ಬೆಲೆ.

ನೆರವಿನ ಮಾದರಿಯೂ ಸಮಾಜದ ಕಣ್ಣ ಮುಂದೆಯೇ ಇದೆ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ದರ್ಶನದ ವಸ್ತುವಾಗಿ ಉಳಿದಿದ್ದುವು. ಕೈಮುಗಿಯುವವರು ಇದ್ದರು, ಓದುವವರು ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯ ಆರಂಭವಾಗಿ, 1939ರಲ್ಲಿ ಧವಲೆಯ ಮೊದಲ ಸಂಪುಟ ಅಚ್ಚಾಯಿತು. ಅದಕ್ಕೆ ಹಣ ಕೊಟ್ಟವರು ಶಾಸ್ತ್ರದಾನ ಮಾಡಿದರೆಂದು ಸಮಾಜವು ಇಂದಿಗೂ ಸ್ಮರಿಸುತ್ತದೆ. ಕಪಾಟುಗಳಲ್ಲಿ ಹೆಸರಿಲ್ಲದೆ ಕಾಯುತ್ತಿರುವ ಕಣಜಗಳೂ ಓದದೆ ಉಳಿದ ಗರಿಗಳೇ. ಅವು ಈಗಾಗಲೇ ಸತ್ತಿವೆ. ಅವುಗಳನ್ನು ಓದುವುದರಿಂದ ಹೊಸದೊಂದು ಜೀವವೂ ಹೋಗುವುದಿಲ್ಲ. ಅದನ್ನು ಓದಬಲ್ಲ ತರುಣರಿಗೆ ವಿದ್ಯಾರ್ಥಿವೇತನ ಕೊಡುವುದು ಶಾಸ್ತ್ರದಾನವಲ್ಲದೆ ಮತ್ತೇನು?

ಟ್ರಸ್ಟುಗಳು ತಮ್ಮ ಮನೆಯಿಂದಲೇ ಆರಂಭಿಸಬಹುದು. ಫಸಲಿನ ಗುತ್ತಿಗೆ ಪತ್ರದಲ್ಲಿ ಒಂದು ಷರತ್ತು ಸೇರಲಿ: ತೋಟದಲ್ಲಿರುವ ಕೀಟ ಯಾವುದೆಂದು ತಿಳಿದವರಿಂದ ಗುರುತಿಸದೆ ಯಾವ ವಿಷವನ್ನೂ ಹೊಡೆಯತಕ್ಕದ್ದಲ್ಲ. ವಿಷದ ಖರ್ಚು ಔಷಧಿಯ ಬಾಬ್ತಿನಲ್ಲಿ ಅಡಗಿ ಕೂರದೆ ವಿಷವೆಂಬ ಹೆಸರಿನಲ್ಲಿಯೇ ವಾರ್ಷಿಕ ವರದಿಯಲ್ಲಿ ಕಾಣಿಸಲಿ. ಕಣಜವನ್ನು ಬಿಡಲೇಬೇಕಾದ ಕಡೆ ಬಿಡಲಿ; ಅದನ್ನು ಪುಣ್ಯಕಾರ್ಯವೆಂದು ಫಲಕ ಬರೆಸದೆ, ಆಲೋಚನೆಯಿಂದಲೂ ಪ್ರತಿಕ್ರಮಣದಿಂದಲೂ ಒಪ್ಪಿಕೊಳ್ಳಬೇಕಾದ ಹಿಂಸೆಯೆಂದೇ ತಿಳಿಯಲಿ. ಮುಂದಿನ ಮಹಾಸಭೆಯಲ್ಲಿ ಲೆಕ್ಕಪತ್ರವನ್ನು ಓದುವಾಗ ಒಬ್ಬ ಶ್ರಾವಕನಾದರೂ, ಒಬ್ಬ ಶ್ರಾವಿಕೆಯಾದರೂ ಎದ್ದುನಿಂತು, ಈ ಮೊತ್ತದಿಂದ ಯಾವ ಯಾವ ಜೀವಗಳನ್ನು ಕೊಲ್ಲಿಸಲಾಯಿತೆಂದು ಕೇಳಲಿ. ಉತ್ತರ ಹೇಳಲು ಅಧ್ಯಕ್ಷರಿಗೆ ಆ ಜೀವಗಳ ಹೆಸರು ತಿಳಿದಿರಬೇಕಾಗುತ್ತದೆ.